ಹಾಟ್ ಸೀಟ್‌ನಲ್ಲಿ ಕೂತಾಗ ಓದಿದ್ದೆಲ್ಲ ಎಲ್ಲಿ ಹೋಗುತ್ತದೆ?

ಓದುಗರ ಪ್ರಶ್ನೆ: "ನಾನು ಅರಸೀಕೆರೆ ತಾಲ್ಲೂಕಿನವನು. ವಯಸ್ಸು 34. ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಆರು ವರ್ಷ ಕೆಎಎಸ್, ಎಫ್‌ಡಿಎ ಪರೀಕ್ಷೆಗಳಿಗೆ ಓದಿದ್ದೇನೆ. ಟಿವಿ ಕ್ವಿಜ್ ಕಾರ್ಯಕ್ರಮವೊಂದರ ಆಡಿಷನ್‌ನಲ್ಲಿ ಆಯ್ಕೆಯಾಗಿದ್ದೇನೆ. ಇನ್ನು ಮೂರು ವಾರಕ್ಕೆ ರೆಕಾರ್ಡಿಂಗ್. ಮನೆಯಲ್ಲಿ ಟಿವಿ ಮುಂದೆ ಕೂತರೆ ಹತ್ತಕ್ಕೆ ಒಂಬತ್ತು ಉತ್ತರ ಸರಿ ಹೇಳುತ್ತೇನೆ. ಆದರೆ ನಮ್ಮ ಹೋಬಳಿಯಿಂದಲೇ ಹಿಂದೆ ಹೋಗಿದ್ದ ಉಪನ್ಯಾಸಕರೊಬ್ಬರು ನಾಲ್ಕನೆಯ ಪ್ರಶ್ನೆಗೇ ತಪ್ಪು ಉತ್ತರ ಕೊಟ್ಟು ಬಂದರು. ಜನ ಇಂದಿಗೂ ಆಡಿಕೊಳ್ಳುತ್ತಾರೆ. ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ ಎಂದು ಕೆಲವರು, ನಿರೂಪಕರ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಮನೆ ಕಟ್ಟಿದ ಸಾಲ 4 ಲಕ್ಷ ರೂಪಾಯಿ ಬಾಕಿ ಇದೆ. 3,20,000 ಬಂದರೆ ಸಾಕು, ಎದ್ದು ಬನ್ನಿ ಎನ್ನುತ್ತಾಳೆ ಹೆಂಡತಿ. ಅಲ್ಲಿಯತನಕ ಹೋಗಿ ಹೆದರಿ ಬರುವುದೇ ಎನ್ನುತ್ತಾರೆ ಸೋದರಮಾವ; ಜೊತೆಗೆ ಬರುವವರೂ ಅವರೇ. ಏನು ಓದಲಿ? ಎಲ್ಲಿ ನಿಲ್ಲಿಸಲಿ? ಸೋತು ಬಂದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ನೀವು ಕೇಳಿರುವುದು ಓದಿನ ಬಗ್ಗೆ ಮತ್ತು ಹಣದ ಬಗ್ಗೆ. ಆದರೆ ನಿದ್ದೆಗೆಡಿಸುತ್ತಿರುವುದು ಆ ಉಪನ್ಯಾಸಕರ ನಾಲ್ಕನೆಯ ಪ್ರಶ್ನೆ. ಅಷ್ಟು ತಿಳಿದವರೇ ಹಾಗೆ ಬಿದ್ದರೆ ನನ್ನ ಗತಿಯೇನು ಎಂಬ ಭಯ ಪ್ರತಿ ಸಾಲಿನ ಹಿಂದೆಯೂ ಇದೆ. ಇಪ್ಪತ್ತು ವರ್ಷಗಳಿಂದ ಕ್ವಿಜ್ ನಡೆಸುತ್ತಿದ್ದೇನೆ, ಟಿವಿ ಕಾರ್ಯಕ್ರಮಗಳಿಗೆ ಪ್ರಶ್ನೆ ಬರೆದುಕೊಟ್ಟಿದ್ದೇನೆ, ಹಾಟ್ ಸೀಟ್‌ಗೆ ಹೋಗುವವರನ್ನು ತಯಾರು ಮಾಡಿದ್ದೇನೆ. ಕಣ್ಣೆದುರು ಸೋತವರಲ್ಲಿ ವಿಷಯ ಗೊತ್ತಿಲ್ಲದೆ ಸೋತವರು ಕಡಿಮೆ. ತಮಗೆ ಎಷ್ಟು ಗೊತ್ತಿದೆ ಎಂಬುದನ್ನು ತಪ್ಪಾಗಿ ತೂಗಿ ಸೋತವರೇ ಹೆಚ್ಚು. ಮೂರು ವಾರದಲ್ಲಿ ನಿಮ್ಮ ಓದು ಹೆಚ್ಚೇನೂ ಬೆಳೆಯಲಾರದು, ಆದರೆ ಈ ತೂಗುವ ಕೆಲಸವನ್ನು ಖಂಡಿತ ಕಲಿಯಬಹುದು.

ಮೊದಲು ಆ "ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ" ಎಂಬ ಮಾತು. ಇದು ಗಾಳಿಯಲ್ಲಿ ಹುಟ್ಟಿದ್ದಲ್ಲ. 1950ರ ದಶಕದ ಅಮೆರಿಕದಲ್ಲಿ ಹಾಗೆ ನಡೆದೇ ಇತ್ತು. ಎನ್‌ಬಿಸಿ ವಾಹಿನಿಯ ಕ್ವಿಜ್ ಒಂದರಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿ ವಾರಗಟ್ಟಲೆ ಗೆದ್ದ. ವೀಕ್ಷಕರಿಗೆ ಹೊಸ ಮುಖ ಬೇಕಾದಾಗ ನಿರ್ಮಾಪಕರು ಅವನಿಗೆ ಸೋಲಲು ಹೇಳಿದರು. 1956ರ ಡಿಸೆಂಬರ್‌ನಲ್ಲಿ, ಉತ್ತರ ಚೆನ್ನಾಗಿ ಗೊತ್ತಿದ್ದ ಆಸ್ಕರ್ ಚಿತ್ರದ ಪ್ರಶ್ನೆಗೆ ಅವನು ಬೇಕೆಂದೇ ತಪ್ಪು ಉತ್ತರ ಕೊಟ್ಟ. ಅವನ ಜಾಗಕ್ಕೆ ಬಂದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್ ದೇಶದ ಕಣ್ಮಣಿಯಾದ. 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ತನಗೂ ಉತ್ತರಗಳನ್ನು ಮೊದಲೇ ಕೊಡುತ್ತಿದ್ದರು ಎಂದು ಒಪ್ಪಿಕೊಂಡ. ಮರುವರ್ಷವೇ ಅಲ್ಲಿ ಕ್ವಿಜ್ ಕಾರ್ಯಕ್ರಮದಲ್ಲಿ ಹೀಗೆ ಮೋಸ ಮಾಡುವುದನ್ನು ಅಪರಾಧವೆಂದು ಕಾನೂನು ಮಾಡಿದರು.

ಆ ಹಗರಣದಿಂದ ಟಿವಿ ಉದ್ಯಮ ಕಲಿತ ಪಾಠ ದೊಡ್ಡದು. ಕೈಗೆ ಸಿಕ್ಕಿಬಿದ್ದರೆ ಕಾರ್ಯಕ್ರಮವೇ ಮುಳುಗುತ್ತದೆ. ನಾನು ಕೆಲಸ ಮಾಡಿದ ಕಡೆ ಪ್ರಶ್ನೆ ಬರೆದವರಿಗೆ ಯಾವ ಪ್ರಶ್ನೆ ಯಾರಿಗೆ ಹೋಗುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ಕಷ್ಟದ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದ ಭಂಡಾರದಿಂದ ಗಣಕಯಂತ್ರ ಆರಿಸುತ್ತಿತ್ತು. ನಿರೂಪಕರ ಪರದೆಗೆ ಸರಿಯುತ್ತರ ಬರುತ್ತಿದ್ದದ್ದು ಸ್ಪರ್ಧಿಯ ಉತ್ತರ ಲಾಕ್ ಆದ ಮೇಲೆ. ಹಾಗಿರುವಾಗ ಅವರ ಮುಖದಲ್ಲಿ ಓದಲು ಏನಿದೆ? "ಖಚಿತವೇ? ಇನ್ನೊಮ್ಮೆ ಯೋಚಿಸುತ್ತೀರಾ?" ಎಂದು ಅವರು ಸರಿಯುತ್ತರಕ್ಕೂ ಕೇಳುತ್ತಾರೆ, ತಪ್ಪುತ್ತರಕ್ಕೂ ಕೇಳುತ್ತಾರೆ. ಆ ಪ್ರಶ್ನೆ ವೀಕ್ಷಕರ ಎದೆ ಬಡಿತಕ್ಕಾಗಿ. ಅದನ್ನು ಸುಳಿವೆಂದು ತಿಳಿದು ಸರಿಯುತ್ತರವನ್ನು ಬದಲಿಸಿದವರನ್ನು ನಾನು ಬಲ್ಲೆ, ಅವರ ಮುಖಗಳು ಇಂದಿಗೂ ನೆನಪಿವೆ.

ಹೊರಗಿನಿಂದ ಸಹಾಯ ಪಡೆಯುವ ದಾರಿಯೂ ಮುಚ್ಚಿದೆ. ಬ್ರಿಟನ್ನಿನಲ್ಲಿ 1998ರಲ್ಲಿ ಶುರುವಾದ ಮೂಲ ಕಾರ್ಯಕ್ರಮ ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್‌ನಲ್ಲಿ (ನಮ್ಮ ಹಿಂದಿಯ ಕೌನ್ ಬನೇಗಾ ಕರೋಡ್‌ಪತಿ, 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ಕನ್ನಡದ ಕೋಟ್ಯಧಿಪತಿ ಎರಡೂ ಅದರ ಕವಲುಗಳೇ) ಮೇಜರ್ ಚಾರ್ಲ್ಸ್ ಇಂಗ್ರಾಮ್ 2001ರಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದರು. ಸರಿಯುತ್ತರ ಬಂದಾಗಲೆಲ್ಲ ಮತ್ತೊಬ್ಬ ಸ್ಪರ್ಧಿ ಕೆಮ್ಮುತ್ತಿದ್ದದ್ದು ಧ್ವನಿಮುದ್ರಣದಲ್ಲಿ ಸಿಕ್ಕಿತು. ಹಣ ಕೈಗೆ ಬರಲಿಲ್ಲ, 2003ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು.

ಊರಿನವರ ಅನುಮಾನದಲ್ಲಿ ಒಂದು ಪಾಲು ಮಾತ್ರ ನಿಜ. ಸ್ಪರ್ಧಿಗಳನ್ನು ಆರಿಸುವಾಗ ಬದುಕಿನ ಕಥೆ ನೋಡುತ್ತಾರೆ, ಸಂಕಲನ ಮಾಡುವಾಗ ನಾಟಕ ಹೆಚ್ಚಿಸುತ್ತಾರೆ. ನಿಮ್ಮ ಸಾಲದ ವಿಷಯವನ್ನು ವೇದಿಕೆಯಲ್ಲಿ ಕೆದಕಬಹುದು. ಯಾವುದನ್ನು ಹೇಳುತ್ತೀರಿ, ಯಾವುದನ್ನು ಹೇಳುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ.

ಈಗ ಆ ನಾಲ್ಕನೆಯ ಪ್ರಶ್ನೆಗೆ ಬರೋಣ. ಆರಂಭದ ಪ್ರಶ್ನೆಗಳು ಗಾದೆ, ಅಡುಗೆಮನೆ, ಹಬ್ಬ, ಮಕ್ಕಳ ಪದ್ಯಗಳ ಮೇಲಿರುತ್ತವೆ. ವರ್ಷಗಟ್ಟಲೆ ಸಂವಿಧಾನದ ವಿಧಿಗಳನ್ನೂ ಕದನಗಳ ಇಸವಿಗಳನ್ನೂ ಬಾಯಿಪಾಠ ಮಾಡಿದವರು ಇವಕ್ಕೆ ಸಿದ್ಧರಾಗಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಸುಲಭವಾಗಿ ಕೇಳಿದ್ದಾರೆಂದರೆ ಏನೋ ಕುತಂತ್ರವಿದೆ ಎಂದು ಶಂಕಿಸುತ್ತಾರೆ. ಒಮ್ಮೆ "ಹಿತ್ತಲ ಗಿಡ" ಎಂಬ ಗಾದೆಯನ್ನು ಪೂರ್ತಿಗೊಳಿಸಲು ಕೇಳಿದಾಗ, ಡಾಕ್ಟರೇಟ್ ಪಡೆದ ಸ್ಪರ್ಧಿಯೊಬ್ಬರು "ಮದ್ದಲ್ಲ" ಎಂಬ ಆಯ್ಕೆಯನ್ನು ನೋಡಿಯೂ ಎರಡು ನಿಮಿಷ ಒದ್ದಾಡಿ, ಕೊನೆಗೆ ಒಂದು ಲೈಫ್‌ಲೈನ್ (ಉತ್ತರ ತಿಳಿಯದಾಗ ಬಳಸಲು ಕೊಡುವ ನೆರವು) ಕಳೆದುಕೊಂಡರು. ಆ ಲೈಫ್‌ಲೈನ್ ಒಂಬತ್ತನೆಯ ಪ್ರಶ್ನೆಗೆ ಬೇಕಾಗಿತ್ತು. ಅಮೆರಿಕದ ಜಿಯೋಪರ್ಡಿ ಕಾರ್ಯಕ್ರಮದಲ್ಲಿ 2004ರಲ್ಲಿ ಸತತ 74 ಪಂದ್ಯ ಗೆದ್ದ ಕೆನ್ ಜೆನ್ನಿಂಗ್ಸ್ ಕೊನೆಗೆ ಎಡವಿದ್ದು ಸಾಮಾನ್ಯ ಜನ ತೆರಿಗೆ ಲೆಕ್ಕ ಮಾಡಿಸಿಕೊಳ್ಳುವ ಸಂಸ್ಥೆಯೊಂದರ ಹೆಸರಿನಲ್ಲಿ. ಎಚ್ ಆಂಡ್ ಆರ್ ಬ್ಲಾಕ್ ಎನ್ನಬೇಕಾದಲ್ಲಿ ಫೆಡೆಕ್ಸ್ ಎಂದರು. ಆದ್ದರಿಂದ ಏನು ಓದಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಪರೀಕ್ಷೆಯ ಗೈಡ್‌ಗಳನ್ನು ಪಕ್ಕಕ್ಕಿಟ್ಟು, ಕಳೆದ ಆರು ತಿಂಗಳ ದಿನಪತ್ರಿಕೆಗಳನ್ನು ತಿರುವಿಹಾಕಿ, ಮಕ್ಕಳ ಶಾಲಾಪುಸ್ತಕ ಓದಿ, ಮನೆಯ ಹಿರಿಯರ ಜೊತೆ ಕೂತು ಹಬ್ಬ, ಗಾದೆ, ಸಂಬಂಧವಾಚಕಗಳ ಮಾತಾಡಿ. ಮೊದಲ ಐದು ಪ್ರಶ್ನೆಗಳಲ್ಲಿ ಸುಲಭ ಕಂಡದ್ದು ಸುಲಭವೇ ಎಂದು ನಂಬಿ.

ಹಾಟ್ ಸೀಟ್ ತಲುಪುವ ಮುನ್ನ ಬೆರಳಿನ ಓಟವೊಂದಿದೆ; ಹೋದವರಲ್ಲಿ ಬಹುಪಾಲು ಜನ ಅಲ್ಲಿಂದಲೇ ಮರಳುತ್ತಾರೆ. ನಾಲ್ಕು ಹೆಸರು ಕೊಟ್ಟು ಕ್ರಮವಾಗಿ ಜೋಡಿಸಲು ಹೇಳುತ್ತಾರೆ. ಉದಾಹರಣೆಗೆ, ಜ್ಞಾನಪೀಠ ಪಡೆದ ವರ್ಷದ ಕ್ರಮದಲ್ಲಿ ಕಾರಂತ, ಮಾಸ್ತಿ, ಕುವೆಂಪು, ಬೇಂದ್ರೆ. ಜೋಡಿಸುವ ಬಗೆ ಒಟ್ಟು 24. ನಾಲ್ಕೂ ಇಸವಿಗಳನ್ನು ನೆನಪಿಸಿಕೊಳ್ಳಲು ಹೊರಟರೆ ಹೊತ್ತು ಮೀರುತ್ತದೆ. ಕುವೆಂಪು ಮೊದಲು (1967), ಮಾಸ್ತಿ ಕೊನೆ (1983) ಎಂದು ಎರಡು ತುದಿ ಹಿಡಿದರೆ ಉಳಿಯುವುದು ಎರಡೇ ಬಗೆ. ಬೇಂದ್ರೆ 1973, ಕಾರಂತ 1977. ಪೂರ್ತಿ ಕ್ರಮ ಮನಸ್ಸಿನಲ್ಲಿ ಮೂಡಿದ ಮೇಲೆ ಒಂದೇ ಓಟದಲ್ಲಿ ಒತ್ತಿ. ಒತ್ತುತ್ತಾ ಯೋಚಿಸುವವರು ಅಳಿಸಿ ಒತ್ತುವುದರಲ್ಲಿ ಸೋಲುತ್ತಾರೆ. ಮೊಬೈಲ್‌ನಲ್ಲಿ ದಿನಕ್ಕೆ ಹದಿನೈದು ಸಲ ಅಭ್ಯಾಸ ಮಾಡಿ, ಗಡಿಯಾರ ಇಟ್ಟುಕೊಂಡು.

ಇನ್ನು ಮುಖ್ಯ ಮಾತು. ಮನೆಯಲ್ಲಿ ಹತ್ತಕ್ಕೆ ಒಂಬತ್ತು ಸರಿ ಹೇಳುತ್ತೇನೆ ಎಂದಿದ್ದೀರಿ. ನೀವು ಸುಳ್ಳು ಹೇಳುತ್ತಿಲ್ಲ, ಆದರೆ ಆ ಲೆಕ್ಕ ಸರಿಯಿಲ್ಲ. ಟಿವಿ ಮುಂದೆ ಕೂತಾಗ ನಾವು ನಾಲ್ಕು ಆಯ್ಕೆ ನೋಡುತ್ತೇವೆ, ಮನಸ್ಸು ಎರಡರ ನಡುವೆ ತೂಗಾಡುತ್ತದೆ, ಸರಿಯುತ್ತರ ಹಸಿರು ಬಣ್ಣದಲ್ಲಿ ಬೆಳಗಿದ ಕೂಡಲೇ "ನಾನೂ ಅದನ್ನೇ ಅಂದುಕೊಂಡಿದ್ದೆ" ಎನ್ನುತ್ತೇವೆ. ತೂಗಾಡಿದ್ದು ಮರೆತೇ ಹೋಗುತ್ತದೆ. ಕಣ್ಣೆದುರಿಗಿರುವ ಹೆಸರನ್ನು ಗುರುತಿಸುವುದು ಬೇರೆ, ಖಾಲಿ ಹಾಳೆಯ ಮೇಲೆ ಆ ಹೆಸರನ್ನು ಬರೆಯುವುದು ಬೇರೆ. ಹಾಟ್ ಸೀಟ್ ನಿಮ್ಮಿಂದ ಬೇಡುವುದು ಎರಡನೆಯದಕ್ಕೆ ಹತ್ತಿರವಾದದ್ದನ್ನು, ಏಕೆಂದರೆ ಆಯ್ಕೆಗಳಲ್ಲಿ ಮೂರು ನಿಮ್ಮನ್ನು ದಾರಿ ತಪ್ಪಿಸಲೆಂದೇ ಹೆಣೆದವು.

ನಾವು ಹೇಗೆ ಹೆಣೆಯುತ್ತೇವೆ ಎಂದು ಹೇಳುತ್ತೇನೆ. ಪ್ರಶ್ನೆ ಹೀಗಿರಲಿ: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಮುಖ್ಯಮಂತ್ರಿ ಯಾರಾಗಿದ್ದರು? ಆಯ್ಕೆಯಲ್ಲಿ ನಿಜಲಿಂಗಪ್ಪನವರ ಹೆಸರು ಇಟ್ಟೇ ಇಡುತ್ತೇವೆ. ಏಕೀಕರಣ ಎಂದ ಕೂಡಲೇ ಕನ್ನಡಿಗರ ಬಾಯಿಗೆ ಬರುವ ಹೆಸರು ಅದು. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಖ್ಯಮಂತ್ರಿಯಾದವರು ಅವರೇ. ಆದರೆ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಆಗ ಇದ್ದವರು ದೇವರಾಜ ಅರಸು. ನಿಜಲಿಂಗಪ್ಪ ಎಂದು ಲಾಕ್ ಮಾಡುವವರು ದಡ್ಡರಲ್ಲ. ಏನೂ ಗೊತ್ತಿಲ್ಲದವನಿಗೆ ಆ ಹೆಸರು ಸೆಳೆಯುವುದೇ ಇಲ್ಲ. ಅರ್ಧ ಗೊತ್ತಿದ್ದವರಿಗಾಗಿಯೇ ಆ ಬಲೆ. ಪರಿಚಿತ ಹೆಸರು ಕಂಡಾಗ ಆಗುವ ನೆಮ್ಮದಿಯನ್ನು ನೆನಪೆಂದು ಭಾವಿಸಿದರೆ ನೀವು ಪ್ರಶ್ನೆ ಬರೆದವರ ಕೈಯಲ್ಲಿರುತ್ತೀರಿ.

ಇದಕ್ಕೊಂದು ಅಭ್ಯಾಸವಿದೆ. ನನ್ನ ಬಳಿ ಬಂದವರಿಗೆಲ್ಲ ಮಾಡಿಸಿದ್ದೇನೆ, ಯಾರಿಗೂ ಮೊದಲ ವಾರ ಹಿಡಿಸುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರಶ್ನೆಯ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಉತ್ತರ ಬರೆಯಿರಿ. ಅದರ ಪಕ್ಕದಲ್ಲಿ ಎಷ್ಟು ಖಚಿತ ಎಂದು ಒಂದು ಅಂಕಿ ಬರೆಯಿರಿ: 50, 70, 90 ಅಥವಾ 100. ಆಮೇಲೆ ಆಯ್ಕೆಗಳನ್ನು ತೆರೆದು ನೋಡಿ, ಸರಿಯೋ ತಪ್ಪೋ ಗುರುತು ಹಾಕಿ. ಇನ್ನೂರು ಪ್ರಶ್ನೆಗಳಾದ ಮೇಲೆ ಪ್ರತಿ ಅಂಕಿಯ ಕಂಬವನ್ನೂ (50ರದ್ದು, 70ರದ್ದು, ಹೀಗೆ) ಬೇರೆಯಾಗಿ ಎಣಿಸಿ. ಶೇ. 90 ಎಂದು ಬರೆದ ಕಡೆ ನಿಜವಾಗಿ ಹತ್ತಕ್ಕೆ ಒಂಬತ್ತು ಸರಿಯಾಗಿದೆಯೇ? ಮೊದಲ ಸಲ ಎಣಿಸಿದಾಗ ಅದು ಹತ್ತಕ್ಕೆ ಆರು, ಏಳರಲ್ಲಿ ನಿಂತದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೆಲವರಲ್ಲಿ, ವಿಶೇಷವಾಗಿ ನಾನು ಕಂಡ ಹಲವು ಹೆಣ್ಣುಮಕ್ಕಳಲ್ಲಿ, ಇದು ತಿರುಗುಮುರುಗಾಗಿ, ಶೇ. 50 ಎಂದು ಬರೆದ ಕಡೆ ಹತ್ತಕ್ಕೆ ಎಂಟು ಸರಿ ಇರುತ್ತಿತ್ತು. ಅಂಥವರು ವೇದಿಕೆಯಲ್ಲಿ ಗೊತ್ತಿದ್ದ ಉತ್ತರವನ್ನು ಬಿಟ್ಟು ಎದ್ದು ಬರುತ್ತಾರೆ, ಅದೂ ಸೋಲೇ. ವಿಷಯಗಳನ್ನೂ ಬೇರ್ಪಡಿಸಿ ನೋಡಿ. ಇತಿಹಾಸದಲ್ಲಿ ನಿಮ್ಮ 90 ನಿಜವಾದ 90 ಆಗಿದ್ದು, ಸಿನಿಮಾದಲ್ಲಿ ಅದೇ 90 ಬರೀ 55 ಆಗಿರಬಹುದು. ಈ ನೋಟ್‌ಬುಕ್ ಇಲ್ಲದೆ ಲೈಫ್‌ಲೈನ್ ಯಾವಾಗ, ಆಟ ಬಿಡುವುದು ಯಾವಾಗ ಎಂಬ ಮಾತೆಲ್ಲ ಕತ್ತಲಲ್ಲಿ ಕಲ್ಲೆಸೆದಂತೆ.

ಚಂದನ ವಾಹಿನಿಯಲ್ಲಿ 2002ರಿಂದ ನಾ. ಸೋಮೇಶ್ವರ ಅವರು ನಡೆಸುತ್ತಿರುವ ಥಟ್ ಅಂತ ಹೇಳಿ ಕಾರ್ಯಕ್ರಮ ಈ ಅಭ್ಯಾಸಕ್ಕೆ ಒಳ್ಳೆಯ ಗರಡಿ. ಅಲ್ಲಿ ಬಹುಮಾನ ಪುಸ್ತಕ. ತಪ್ಪಿದರೆ ಲಕ್ಷಗಳು ಜಾರಿಹೋಗುವ ಹೆದರಿಕೆ ಇಲ್ಲದಾಗ ಮನುಷ್ಯರು ಎಷ್ಟು ಸಲೀಸಾಗಿ ಯೋಚಿಸುತ್ತಾರೆ ಎಂಬುದನ್ನೂ ಗಮನಿಸಿ.

ಲೈಫ್‌ಲೈನ್‌ಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಎರಡರ ನಡುವೆ ಗೊಂದಲವಿದ್ದಾಗ, ಎರಡು ತಪ್ಪು ಆಯ್ಕೆಗಳನ್ನು ತೆಗೆಯುವ ಫಿಫ್ಟಿ ಫಿಫ್ಟಿ ಬಳಸಿದರೆ ಅದೇ ಎರಡು ಉಳಿಯುತ್ತವೆ, ದಂಡ ಎನ್ನುತ್ತಾರೆ. ಯಾರೋ ಯೋಚಿಸಿ ಆ ಎರಡನ್ನೇ ಉಳಿಸಿದರೆ ದಂಡವೇ ಸರಿ. ಆದರೆ ಯಂತ್ರ ಮೂರು ತಪ್ಪುಗಳಲ್ಲಿ ಎರಡನ್ನು ಮನಬಂದಂತೆ ತೆಗೆಯುವುದಾದರೆ, ನಿಮ್ಮನ್ನು ಕಾಡುತ್ತಿರುವ ಆ ಒಂದು ತಪ್ಪು ಅಳಿಸಿಹೋಗುವ ಸಾಧ್ಯತೆ ಮೂರಕ್ಕೆ ಎರಡು. ಅದು ಸಣ್ಣ ಲಾಭವಲ್ಲ. ನಿಯಮ ಯಾವುದು ಎಂದು ರೆಕಾರ್ಡಿಂಗ್‌ಗೆ ಮೊದಲು ತಂಡದವರನ್ನು ಕೇಳಿ. ಕೇಳಲು ಸಂಕೋಚ ಬೇಡ.

ಪ್ರೇಕ್ಷಕರ ಅಭಿಪ್ರಾಯ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ. ನೂರು ಜನರಲ್ಲಿ ಇಪ್ಪತ್ತೇ ಮಂದಿಗೆ ಉತ್ತರ ಗೊತ್ತು, ಉಳಿದ ಎಂಬತ್ತು ಮಂದಿ ಸುಮ್ಮನೆ ಒತ್ತುತ್ತಾರೆ ಎಂದುಕೊಳ್ಳಿ. ಆ ಎಂಬತ್ತು ನಾಲ್ಕೂ ಆಯ್ಕೆಗಳಿಗೆ ಇಪ್ಪತ್ತರಂತೆ ಹಂಚಿಹೋದರೆ ಸರಿಯುತ್ತರಕ್ಕೆ ನಲವತ್ತು, ಉಳಿದವಕ್ಕೆ ಇಪ್ಪತ್ತಿಪ್ಪತ್ತು. ತಿಳಿದವರು ಕೆಲವರೇ ಇದ್ದರೂ ಸಾಕು. ಆದರೆ ನಿಜಲಿಂಗಪ್ಪನಂಥ ಸೆಳೆಯುವ ಆಯ್ಕೆ ಇದ್ದರೆ ಆ ಎಂಬತ್ತು ಸಮನಾಗಿ ಹಂಚುವುದಿಲ್ಲ, ಅದರ ಕಡೆಗೇ ವಾಲುತ್ತದೆ. ಫ್ರಾನ್ಸಿನ ಆವೃತ್ತಿಯಲ್ಲಿ ಭೂಮಿಯ ಸುತ್ತ ಸುತ್ತುವುದು ಯಾವುದು ಎಂಬ ಪ್ರಶ್ನೆಗೆ ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೂರ್ಯ ಎಂದರು, ಸ್ಪರ್ಧಿ ಅದನ್ನೇ ನಂಬಿ ಮನೆಗೆ ಹೋದ. ಅಮೆರಿಕದ ಆವೃತ್ತಿಯಲ್ಲಿ ಪ್ರೇಕ್ಷಕರು ಶೇ. 91ರಷ್ಟು, ಫೋನಿನ ಗೆಳೆಯರು ಶೇ. 65ರಷ್ಟು ಸರಿ ಹೇಳಿದರೆಂಬ ಲೆಕ್ಕವನ್ನು ಹಲವರು ಹೇಳುತ್ತಾರೆ. ಅದನ್ನು ಹಾಗೆಯೇ ನುಂಗಬೇಡಿ. ಪ್ರೇಕ್ಷಕರನ್ನು ಕೇಳುವುದು ಹೆಚ್ಚಾಗಿ ಸುಲಭದ ಹಂತದಲ್ಲಿ, ಗೆಳೆಯನಿಗೆ ಫೋನ್ ಮಾಡುವುದು ಕಷ್ಟದ ಹಂತದಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಸಿನಿಮಾ, ಕ್ರಿಕೆಟ್, ಅಡುಗೆ, ಇತ್ತೀಚಿನ ಸುದ್ದಿಗಳಿಗೆ ಪ್ರೇಕ್ಷಕರನ್ನು ಕೇಳಿ. ಪ್ರಾಚೀನ ಶಾಸನಗಳಿಗೆ ಬೇಡ.

ಫೋನಿಗೆ ಆರಿಸುವ ಗೆಳೆಯ ಎಲ್ಲ ಬಲ್ಲವನಾಗಬೇಕಿಲ್ಲ. "ನನಗೆ ಗೊತ್ತಿಲ್ಲ" ಎಂದು ಅಳುಕಿಲ್ಲದೆ ಹೇಳುವವನಾಗಬೇಕು. ಮೂವತ್ತು ಸೆಕೆಂಡಿನಲ್ಲಿ ಕುಶಲ ವಿಚಾರಿಸಬೇಡಿ, ನೇರವಾಗಿ ಪ್ರಶ್ನೆ, ಆಯ್ಕೆ, ಆಮೇಲೆ "ಎಷ್ಟು ಖಚಿತ?" ಎಂಬ ಒಂದೇ ಮಾತು. ಅವನಿಗೂ ನೋಟ್‌ಬುಕ್ ಅಭ್ಯಾಸ ಮಾಡಿಸಿದರೆ ಅವನ ಅಂಕಿಗೆ ಬೆಲೆ ಬರುತ್ತದೆ.

ಈಗ ನಿಮ್ಮ ಹೆಂಡತಿ ಮತ್ತು ಸೋದರಮಾವನವರ ಜಗಳ. ನೀವು ಹೇಳಿದ 3,20,000ದ ಮೆಟ್ಟಿಲು ಹಿಂದಿ ಆವೃತ್ತಿಯ ಹಲವು ಸೀಸನ್‌ಗಳಲ್ಲಿದ್ದ ಏಣಿಯದ್ದು. ಅದರಂತೆಯೇ ಲೆಕ್ಕ ಹಾಕುತ್ತೇನೆ: 10,000 ಮತ್ತು 3,20,000 ಭದ್ರ ಮೆಟ್ಟಿಲುಗಳು (ಅವನ್ನು ತಲುಪಿದ ಮೇಲೆ ತಪ್ಪಿದರೂ ಅಷ್ಟು ಹಣ ಉಳಿಯುತ್ತದೆ), ಆಮೇಲೆ 6,40,000, 12,50,000, 25 ಲಕ್ಷ, 50 ಲಕ್ಷ, 1 ಕೋಟಿ. ನಿಮ್ಮ ಕಾರ್ಯಕ್ರಮದ ಏಣಿ ಬೇರೆಯಾಗಿದ್ದರೆ ಇದೇ ಬಗೆಯಲ್ಲಿ ನೀವೇ ಲೆಕ್ಕ ಹಾಕಿಕೊಳ್ಳಬಹುದು.

3,20,000 ತಲುಪಿದ ಕ್ಷಣ ಎದ್ದು ಬರುವುದು ತಪ್ಪು. ಮುಂದಿನ ಪ್ರಶ್ನೆಗೆ ತಪ್ಪು ಹೇಳಿದರೂ ನಿಮಗೆ ಸಿಗುವುದು ಅದೇ 3,20,000. ಕಣ್ಣು ಮುಚ್ಚಿ ಊಹಿಸಿದರೂ ನಷ್ಟವಿಲ್ಲ. ಇಲ್ಲಿ ಸೋದರಮಾವನವರ ಮಾತು ಸರಿ. ನಿಜವಾದ ಅಪಾಯ ಅದಕ್ಕೆ ಒಂದು ಹೆಜ್ಜೆ ಹಿಂದೆ ಇದೆ, ಅದನ್ನು ಇಬ್ಬರೂ ಗಮನಿಸಿಲ್ಲ. ಕೈಯಲ್ಲಿ 1,60,000 ಇಟ್ಟುಕೊಂಡು ಹತ್ತನೆಯ ಪ್ರಶ್ನೆ ಎದುರಿಸುವಾಗ ತಪ್ಪಿದರೆ 10,000ಕ್ಕೆ ಬೀಳುತ್ತೀರಿ. ಒಂದೂವರೆ ಲಕ್ಷ ಪಣ, ಗಳಿಕೆ 1,60,000. ಎಂಟು, ಒಂಬತ್ತು, ಹತ್ತನೆಯ ಪ್ರಶ್ನೆಗಳಿಗಾಗಿಯೇ ಎರಡು ಲೈಫ್‌ಲೈನ್‌ಗಳನ್ನು ಉಳಿಸಿಕೊಂಡು ಹೋಗಿ ಎನ್ನುವುದು ಈ ಕಾರಣಕ್ಕೆ.

6,40,000 ಕೈಗೆ ಬಂದ ಮೇಲೆ ಮಾತು ಬದಲಾಗುತ್ತದೆ. ಮುಂದಿನ ಪ್ರಶ್ನೆ ತಪ್ಪಿದರೆ 3,20,000 ಹೋಗುತ್ತದೆ, ಸರಿಯಾದರೆ 6,10,000 ಹೆಚ್ಚು ಬರುತ್ತದೆ. ಬರೀ ಸರಾಸರಿಯ ಲೆಕ್ಕದಲ್ಲಿ ನೂರಕ್ಕೆ 35 ಖಚಿತವಿದ್ದರೂ ಆಡಬಹುದು. 12,50,000ರಿಂದ 25 ಲಕ್ಷಕ್ಕೆ ಹಾರಲು 43 ಬೇಕು, 25ರಿಂದ 50 ಲಕ್ಷಕ್ಕೆ 47. ಗಣಿತ ಗೊತ್ತಿರುವ ಕೆಲವರು ಇಲ್ಲಿಗೇ ನಿಲ್ಲುತ್ತಾರೆ, ಎರಡು ಆಯ್ಕೆ ಉಳಿದಿದ್ದರೆ ಆಡಿಬಿಡಿ ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಸರಾಸರಿ ಸಾವಿರ ಸಲ ಆಡುವವನಿಗೆ. ನೀವು ಆಡುವುದು ಒಂದೇ ಸಲ, ನಿಮ್ಮ ಹೆಗಲ ಮೇಲೆ ಸಾಲವಿದೆ.

ತೆರಿಗೆಯನ್ನೂ ಸೇರಿಸಿ ನೋಡಿ. ಇಂಥ ಬಹುಮಾನದ ಮೇಲೆ ನಿಮ್ಮ ಸಂಬಳ ಎಷ್ಟೇ ಇರಲಿ ನೇರ ಶೇ. 30 ತೆರಿಗೆ, ಆ ತೆರಿಗೆಯ ಮೇಲೆ ಶೇ. 4 ಸೆಸ್, ಅಂದರೆ ಒಟ್ಟು ಶೇ. 31.2, ಯಾವ ಕಡಿತವೂ ಅನ್ವಯಿಸುವುದಿಲ್ಲ. 50 ಲಕ್ಷ ದಾಟಿದ ಆದಾಯಕ್ಕೆ ಸರ್‌ಚಾರ್ಜ್ ಬೇರೆ. 3,20,000 ಗೆದ್ದರೆ ಕೈಗುಳಿಯುವುದು ಸುಮಾರು 2,20,000; ಸಾಲ ಅರ್ಧ ತೀರುತ್ತದೆ. 6,40,000 ಗೆದ್ದರೆ ಸುಮಾರು 4,40,000. ಸಾಲ ಪೂರ್ತಿ ತೀರಿ ಸ್ವಲ್ಪ ಮಿಗುತ್ತದೆ. 12,50,000 ಆದರೆ 8,60,000. ಮೂಲದಲ್ಲೇ ಕಡಿತವಾಗುವುದು ಸಾಮಾನ್ಯವಾಗಿ ಶೇ. 30 ಮಾತ್ರ, ಸೆಸ್ ಹಣವನ್ನು, 6,40,000ಕ್ಕೆ 7,680 ರೂಪಾಯಿಯನ್ನು, ರಿಟರ್ನ್ ಸಲ್ಲಿಸುವಾಗ ಕಟ್ಟಲು ತೆಗೆದಿಡಿ.

ಆದ್ದರಿಂದ ನಿಮ್ಮ ಮಟ್ಟಿಗೆ ಗೆರೆ ಎಳೆಯಬೇಕಾದದ್ದು 6,40,000ದಲ್ಲಿ. ಅಲ್ಲಿ ಮೂರು ದಾರಿಗಳಿವೆ. ಎದ್ದು ಬಂದರೆ ಸಾಲ ತೀರುತ್ತದೆ, "ಇನ್ನೊಂದು ಆಡಿದ್ದರೆ" ಎಂಬ ಕೊರಗು ಕೆಲವು ತಿಂಗಳು ಇರುತ್ತದೆ. ಎರಡರ ನಡುವೆ ಅಂದಾಜಿನಲ್ಲಿ ಆಡಿದರೆ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಅರ್ಧ ಸಾಲದೊಂದಿಗೆ ಮನೆಗೆ ಬರುತ್ತೀರಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಪಾಸಾದ 90ರ ಖಚಿತತೆ ಇದ್ದರೆ ಮಾತ್ರ ಆಡಿದರೆ, ಮುಂದೆ ಹೋಗುವ ಅವಕಾಶ ಕಡಿಮೆ, ಬೀಳುವ ಅವಕಾಶವೂ ಕಡಿಮೆ. ನಿಮ್ಮ ಸ್ಥಿತಿಯಲ್ಲಿ ನಾನು ಮೂರನೆಯದನ್ನು ಆರಿಸುತ್ತೇನೆ. ಸಾಲವಿಲ್ಲದವರಿಗೆ ಬೇರೆ ಸಲಹೆ ಕೊಡುತ್ತಿದ್ದೆ.

ಈ ತೀರ್ಮಾನ ವೇದಿಕೆಯ ಮೇಲೆ ಆಗುವುದಿಲ್ಲ. ಅಲ್ಲಿ ಚಳಿ ಹುಟ್ಟಿಸುವ ಹವಾನಿಯಂತ್ರಣ, ಕಣ್ಣು ಕುಕ್ಕುವ ಬೆಳಕು, ಬೆಳಿಗ್ಗೆಯಿಂದ ಕಾದು ರಾತ್ರಿ ಬರುವ ಸರದಿ, ಚಪ್ಪಾಳೆ. ನಿಮ್ಮದೇ ಹಣ ನಿಮ್ಮದೆನಿಸುವುದಿಲ್ಲ, ಸಿಕ್ಕ ಹಣ ಹೋದರೆ ಹೋಗಲಿ ಎನಿಸುತ್ತದೆ. ಆ ಹೊತ್ತಿನಲ್ಲಿ ಜೊತೆಗಾರರ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದು ದೊಡ್ಡ ಮಾತು. ಸೋದರಮಾವನವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ, ಆದರೆ ಆ ಕುರ್ಚಿಗೆ ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ. ಗೆರೆಯನ್ನು ಇಬ್ಬರೂ ಕೂತು ಕಾಗದದಲ್ಲಿ ಬರೆದುಕೊಳ್ಳಿ, 3,20,000ದಲ್ಲಿ ಏಕೆ ನಿಲ್ಲಬಾರದು ಎಂಬುದನ್ನು ಅವರಿಗೆ ವಿವರಿಸಿ.

ಇನ್ನೆರಡು ಎಚ್ಚರಿಕೆ ಬೇಗ ಹೇಳಿಬಿಡುತ್ತೇನೆ. ಆಯ್ಕೆಯಾದವರಿಂದ ನೋಂದಣಿ ಶುಲ್ಕ, ತೆರಿಗೆ ಮುಂಗಡ ಎಂದು ಯಾರಾದರೂ ಹಣ ಕೇಳಿದರೆ ಅದು ವಂಚನೆ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನಲ್ಲಿ 25 ಲಕ್ಷದ ಲಾಟರಿ ಎಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ ಜನರನ್ನು ದೋಚುವುದು ವರ್ಷಗಳಿಂದ ನಡೆದಿದೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎರಡನೆಯದು, ಕರಾರು ಪತ್ರವನ್ನು ಓದಿ ಸಹಿ ಹಾಕಿ. ಹಣ ಯಾವಾಗ ಬರುತ್ತದೆ, ಪ್ರಸಾರದವರೆಗೆ ಏನನ್ನು ಗುಟ್ಟಾಗಿಡಬೇಕು ಎಂಬುದು ಅದರಲ್ಲಿರುತ್ತದೆ. ಹಣ ಖಾತೆಗೆ ಬರುವ ಮುನ್ನ ಬ್ಯಾಂಕಿಗೆ ಮಾತು ಕೊಡಬೇಡಿ.

ಸೋತು ಬಂದರೆ ಮುಖ ತೋರಿಸುವುದು ಹೇಗೆ ಎಂದಿರಿ. ಗೆದ್ದವರ ಪಾಡನ್ನೂ ಕೇಳಿ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ತಿಂಗಳಿಗೆ ಸುಮಾರು 6,000 ರೂಪಾಯಿ ಸಂಬಳದ ಕಂಪ್ಯೂಟರ್ ಆಪರೇಟರ್ ಆಗಿದ್ದವರು, 2011ರಲ್ಲಿ ಕೌನ್ ಬನೇಗಾ ಕರೋಡ್‌ಪತಿಯಲ್ಲಿ 5 ಕೋಟಿ ಗೆದ್ದರು. ಆಮೇಲಿನ ವರ್ಷಗಳು ತಮ್ಮ ಬದುಕಿನ ಅತ್ಯಂತ ಕೆಟ್ಟ ಕಾಲವೆಂದು 2020ರಲ್ಲಿ ಅವರೇ ಬರೆದುಕೊಂಡರು: ದಾನದ ಹೆಸರಿನಲ್ಲಿ ಮೋಸ ಮಾಡಿದವರು, ಕುಡಿತ, ಮನೆಯೊಳಗಿನ ಮನಸ್ತಾಪ. ಅದರಿಂದ ಹೊರಬಂದು ಅವರು ಶಿಕ್ಷಕರಾದರು. ಊರು ಗೆದ್ದವರನ್ನೂ ಸೋತವರನ್ನೂ ಸುಲಭಕ್ಕೆ ಬಿಡುವುದಿಲ್ಲ. ಸಾಧ್ಯವಾದರೆ ಆ ಉಪನ್ಯಾಸಕರ ಮನೆಗೆ ಒಮ್ಮೆ ಹೋಗಿ ಬನ್ನಿ. ನಾಲ್ಕನೆಯ ಪ್ರಶ್ನೆ ಏನಿತ್ತು, ಲಾಕ್ ಎನ್ನುವ ಮುನ್ನ ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂದು ವಿನಯದಿಂದ ಕೇಳಿ. ಇಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಾರರು. ಅವರು ಹೇಳುವುದು ನನ್ನ ಈ ಪತ್ರಕ್ಕಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ನೋಟ್‌ಬುಕ್ ಇವತ್ತೇ ಶುರು ಮಾಡಿ. ರೆಕಾರ್ಡಿಂಗ್‌ಗೆ ನಾಲ್ಕು ದಿನ ಇರುವಾಗ 90ರ ಕಂಬದಲ್ಲಿ ಎಷ್ಟು ಬರೆದಿರಿ, ಎಷ್ಟು ಸರಿಯಾಯಿತು ಎಂಬ ಎರಡು ಅಂಕಿಗಳನ್ನು ನನಗೆ ಬರೆದು ಕಳುಹಿಸಿ. ಗೆರೆಯನ್ನು ಮೇಲೆ ಸರಿಸಬೇಕೋ ಕೆಳಗೆ ಸರಿಸಬೇಕೋ ಎಂದು ಅದನ್ನು ನೋಡಿ ಹೇಳುತ್ತೇನೆ.